ತಿಗರಿ ಮತ್ತು ಅಚ್ಚು: ತೆರೆಯ ಮೇಲೆ ಬಾರದ ಕಥೆ



ಕುಂಬಾರಿಕೆಯನ್ನು ಕುರಿತ ನಮ್ಮ ಮಾತುಕತೆಯ ಕಂತನ್ನು ನೀವು ನೋಡಿದ್ದರೆ, ಅದರಲ್ಲಿ ತಿಗರಿ ತಿರುಗಿದ್ದೇ ತಿರುಗಿದ್ದು ನಿಮಗೆ ನೆನಪಿರಬಹುದು. ಮಣ್ಣಿನ ಮುದ್ದೆ ಮೇಲೇಳುತ್ತದೆ, ಬಾಯಿ ತೆರೆಯುತ್ತದೆ, ನೋಡುತ್ತಿದ್ದಂತೆ ಬೋಗುಣಿಯಾಗುತ್ತದೆ. ಕ್ಯಾಮೆರಾಕ್ಕೆ ಇದಕ್ಕಿಂತ ಪ್ರಿಯವಾದ ದೃಶ್ಯ ಇನ್ನೊಂದಿಲ್ಲ. ಅಂದು ನಾವು ಚಿತ್ರೀಕರಿಸಿದ್ದು ಮೈಸೂರಿನ ಒಂದು ಮನೆಯ ಹಿತ್ತಿಲಿನ ಶೆಡ್ಡಿನಲ್ಲಿ. ಅಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಒಂದು ವಿದ್ಯುತ್ ತಿಗರಿ, ಒಂದು ಸಣ್ಣ ಆವಿಗೆ, ಗೋಡೆಯುದ್ದಕ್ಕೂ ಬಿಳಿಯ ಅಚ್ಚುಗಳನ್ನಿಟ್ಟುಕೊಂಡು ಬಟ್ಟಲು, ಬೋಗುಣಿಗಳನ್ನು ಮಾಡುತ್ತಾರೆ. ತಿಗರಿಯನ್ನು ನಾವು ನಲವತ್ತು ನಿಮಿಷ ಚಿತ್ರಿಸಿದೆವು. ಬಿಳಿಯ ಅಚ್ಚುಗಳನ್ನು ಎರಡು ನಿಮಿಷ. ಸಂಕಲನದ ಹೊತ್ತಿಗೆ ಆ ಎರಡು ನಿಮಿಷವನ್ನೂ ನಾನೇ ಕತ್ತರಿಸಿ ಹಾಕಿದೆ. ಸುಮ್ಮನೆ ಕುಳಿತ ಪ್ಲಾಸ್ಟರಿನ ಗಡ್ಡೆಯಲ್ಲಿ ನೋಡುವುದೇನಿದೆ ಎಂದುಕೊಂಡಿದ್ದೆ.

ಆದರೆ ಚಿತ್ರೀಕರಣದ ದಿನ ಮಧ್ಯಾಹ್ನ ಒಂದು ಘಟನೆ ನಡೆದಿತ್ತು. ತಾರಸಿಯ ಮೇಲೆ ಬಿಸಿಲಿಗೆ ಒಣಗಲು ಇಟ್ಟಿದ್ದ ಹನ್ನೆರಡು ಅಚ್ಚುಗಳಿದ್ದವು. ಇದ್ದಕ್ಕಿದ್ದಂತೆ ಮಳೆ ಹನಿಯಿತು. "ಸಾರ್, ಅಚ್ಚು ನೆನೆದರೆ ನನ್ನ ಒಂದು ವಾರದ ಕೆಲಸ ಹೋಯಿತು!" ಎಂದು ಆಕೆ ಕೂಗಿದರು. ನಾನೂ ನಮ್ಮ ಕ್ಯಾಮೆರಾ ಸಹಾಯಕರೂ ಮೆಟ್ಟಿಲು ಹತ್ತಿ ಇಳಿದು ಅಚ್ಚುಗಳನ್ನು ಹೊತ್ತು ತಂದೆವು. ಆರನೆಯ ಸಲಕ್ಕೆ ನನಗೆ ಏದುಸಿರು ಬಂದಿತ್ತು. ಎದೆಗವಚಿಕೊಂಡ ಒದ್ದೆ ಪ್ಲಾಸ್ಟರ್ ಎಷ್ಟು ಭಾರ ಎಂಬುದು ಅಂದು ತಿಳಿಯಿತು. ಇದೇ ಕೆಲಸವನ್ನು ಒಂದು ಕಾಲದಲ್ಲಿ, ಒಂದು ದೇಶದಲ್ಲಿ, ಏಳು ವರ್ಷದ ಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ಮಾಡುತ್ತಿದ್ದರು. ಆ ಕಥೆಯನ್ನು ತೆರೆಯ ಮೇಲೆ ಹೇಳಲಾಗಲಿಲ್ಲ. ಈ ಪುಟಗಳಲ್ಲಿ ಹೇಳುತ್ತೇನೆ.

ಮೊದಲು ಪ್ಲಾಸ್ಟರ್ ಎಂದರೇನೆಂದು ನೋಡೋಣ. ನಿಮ್ಮಲ್ಲಿ ಕೆಲವರು ಅದನ್ನು ಮುರಿದ ಕೈಗೆ ಕಟ್ಟಿಸಿಕೊಂಡಿರಬಹುದು, ಹಲವರು ಗಣೇಶನ ಮೂರ್ತಿಯಲ್ಲಿ ಕಂಡಿರಬಹುದು. ಆದರೆ ನೀವೆಲ್ಲರೂ ದಿನವೂ ಕಾಣುವ ಪ್ಲಾಸ್ಟರ್ ಬೇರೊಂದಿದೆ: ತರಗತಿಯ ಸೀಮೆಸುಣ್ಣದ ಕಡ್ಡಿ. ನಮ್ಮಲ್ಲಿ ಸಾಮಾನ್ಯವಾಗಿ ಅದನ್ನು ಎರಕ ಹೊಯ್ಯುವುದು ಈ ಪ್ಲಾಸ್ಟರಿನಿಂದಲೇ. ಪುಸ್ತಕದ ಮೇಲೆ ಶಾಯಿ ಚೆಲ್ಲಿದಾಗ ನಾವು ಸೀಮೆಸುಣ್ಣದ ತುದಿಯನ್ನು ಅದರಲ್ಲಿ ಇಡುತ್ತಿದ್ದೆವು. ಶಾಯಿ ಕಡ್ಡಿಯೊಳಗೆ ಏರಿಹೋಗುತ್ತಿತ್ತು. ಅದೇ ಕಡ್ಡಿಯನ್ನು ನಾಲಿಗೆಗೆ ತಾಗಿಸಿದರೆ ಅಂಟಿಕೊಳ್ಳುತ್ತದೆ. ಮಾಡಿ ನೋಡಿ ಎಂದು ನಾನು ಹೇಳುವುದಿಲ್ಲ, ನೀವೆಲ್ಲ ಈಗಾಗಲೇ ಮಾಡಿಯೇ ಇರುತ್ತೀರಿ. ಈ ಬಾಯಾರಿಕೆಯೇ ನಮ್ಮ ಕಥೆಯ ನಾಯಕ.

ಜಿಪ್ಸಮ್ ಎಂಬ ಮೆದು ಕಲ್ಲಿದೆ. ರಸಾಯನಶಾಸ್ತ್ರದ ಭಾಷೆಯಲ್ಲಿ ಅದು ಕ್ಯಾಲ್ಸಿಯಂ ಸಲ್ಫೇಟ್, ಪ್ರತಿ ಅಣುವಿಗೂ ಎರಡು ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ನೋಡಲು ಒಣಕಲ್ಲಾದರೂ ಅದರ ತೂಕದ ಸುಮಾರು ಐದನೇ ಒಂದು ಭಾಗ ನೀರು! ಅದನ್ನು 120ರಿಂದ 150 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಕಾಯಿಸಿದರೆ ಆ ನೀರಿನ ಮುಕ್ಕಾಲು ಪಾಲು ಆವಿಯಾಗಿ ಹೋಗಿ ಬಿಳಿಯ ಹುಡಿ ಉಳಿಯುತ್ತದೆ. ಹುಡಿಗೆ ಮತ್ತೆ ನೀರು ಸೇರಿಸಿ, ಕಳೆದುಕೊಂಡದ್ದನ್ನು ಅದು ಮರಳಿ ಪಡೆಯುತ್ತದೆ. ಸೂಜಿಯಂಥ ಹರಳುಗಳು ಬೆಳೆದು ಒಂದಕ್ಕೊಂದು ಹೆಣೆದುಕೊಂಡು ಕೆಲವೇ ನಿಮಿಷಗಳಲ್ಲಿ ಪುನಃ ಕಲ್ಲಾಗುತ್ತದೆ. ಪ್ಯಾರಿಸ್ ನಗರದ ಮಾಂಮಾರ್ತ್ರ ಗುಡ್ಡದಲ್ಲಿ ಈ ಕಲ್ಲನ್ನು ಹೇರಳವಾಗಿ ಅಗೆಯುತ್ತಿದ್ದುದರಿಂದ 'ಪ್ಲಾಸ್ಟರ್ ಆಫ್ ಪ್ಯಾರಿಸ್' ಎಂಬ ಹೆಸರು ಬಂತು. (ಅದೇ ಗಣಿಗಳಿಂದ ಬಂದ ಮೂಳೆಗಳನ್ನು ಜೋಡಿಸಿ ಕ್ಯುವಿಯೇ ಎಂಬ ವಿಜ್ಞಾನಿ, ಭೂಮಿಯಿಂದ ಅಳಿದುಹೋದ ಪ್ರಾಣಿಗಳ ಶಾಸ್ತ್ರಕ್ಕೆ ತಳಪಾಯ ಹಾಕಿದ. ಅದು ಇನ್ನೊಂದು ಕಂತಿಗಾಗುವ ವಿಷಯ.)

ನೀರು ಬಿಟ್ಟು, ನೀರು ಪಡೆಯುವ ಈ ಗುಟ್ಟನ್ನು ತೂಕ ಹಾಕಿ ಬಿಡಿಸಿದವನು ಯಾರು ಬಲ್ಲಿರಾ? 1765ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ 21 ವರ್ಷದ ತರುಣನೊಬ್ಬ ಜಿಪ್ಸಮ್ಮನ್ನು ಕುರಿತು ತನ್ನ ಮೊದಲ ಪ್ರಬಂಧವನ್ನು ಓದಿದ. ಅವನೇ ಅಂತೋನಿ ಲವಾಜಿಯೇ. ಮುಂದೆ ಆಮ್ಲಜನಕಕ್ಕೆ ಹೆಸರಿಟ್ಟವನು, ಆಧುನಿಕ ರಸಾಯನಶಾಸ್ತ್ರದ ಜನಕನೆನಿಸಿದವನು, 1794ರಲ್ಲಿ ಫ್ರೆಂಚ್ ಕ್ರಾಂತಿಯ ಗಿಲಟಿನ್ನಿಗೆ ತಲೆಕೊಟ್ಟವನು. ನಾನು ಬಿ.ಎಸ್ಸಿ. ಓದುವಾಗ ಅವನ ಆಮ್ಲಜನಕವನ್ನು ಪಾಠ ಮಾಡಿದರೇ ಹೊರತು ಪ್ಲಾಸ್ಟರಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ತಕ್ಕಡಿಯನ್ನು ನಂಬುವ ಅವನ ಅಭ್ಯಾಸ ಆ ಗೋಡೆಯ ಗಾರೆಯಿಂದಲೇ ಆರಂಭವಾಯಿತು.

ಇಲ್ಲೊಂದು ಲೆಕ್ಕವಿದೆ. ನೂರು ಗ್ರಾಂ ಹುಡಿ ಮತ್ತೆ ಕಲ್ಲಾಗಲು ನಿಜವಾಗಿ ಬೇಕಾಗುವ ನೀರು 19 ಗ್ರಾಮಿಗಿಂತ ಕಡಿಮೆ. ಆದರೆ ಅಚ್ಚು ಮಾಡುವವರು ಸುಮಾರು 70 ಗ್ರಾಂ ನೀರು ಹಾಕುತ್ತಾರೆ. ಮಿಕ್ಕ ಐವತ್ತು ಗ್ರಾಂ ಎಲ್ಲಿ ಹೋಯಿತು? ಹರಳುಗಳ ನಡುವೆ ಸಿಕ್ಕಿಬಿದ್ದು, ಆಮೇಲೆ ನಿಧಾನವಾಗಿ ಆರಿಹೋಗುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗವೇ ಪ್ಲಾಸ್ಟರಿನ ಸೂಕ್ಷ್ಮ ರಂಧ್ರಗಳು. ಹಸಿ ಜೇಡಿಮಣ್ಣನ್ನು ಅದರ ಮೇಲಿಟ್ಟರೆ ಆ ರಂಧ್ರಗಳು ಮಣ್ಣಿನ ನೀರನ್ನು ಎಳೆದುಕೊಳ್ಳುತ್ತವೆ. ಮಣ್ಣು ಗಟ್ಟಿಯಾಗುತ್ತದೆ, ತುಸು ಕುಗ್ಗುತ್ತದೆ, ತಾನಾಗಿಯೇ ಅಚ್ಚಿನಿಂದ ಬಿಡಿಸಿಕೊಳ್ಳುತ್ತದೆ. ಹೆಚ್ಚು ನೀರು ಕೊಟ್ಟು ಎರೆದ ಅಚ್ಚು ಚೆನ್ನಾಗಿ ಹೀರುತ್ತದೆ, ಆದರೆ ಬೇಗ ಸವೆಯುತ್ತದೆ. ಕಡಿಮೆ ಕೊಟ್ಟದ್ದು ಗಟ್ಟಿ, ಆದರೆ ಸೋಮಾರಿ.

ಆ ಹಿತ್ತಿಲಿನ ಶೆಡ್ಡಿನಲ್ಲಿ ತಿಗರಿಗೂ ಪ್ಲಾಸ್ಟರಿಗೂ ಇರುವ ನಂಟು ಹೀಗಿದೆ. ಆಕೆ ಮೊದಲು ಒಂದು ಬೋಗುಣಿಯನ್ನು ತಿಗರಿಯ ಮೇಲೆ ಎತ್ತುತ್ತಾರೆ. ಅದು ಒತ್ತಿದರೆ ಬಾಗದಷ್ಟು, ಕೆರೆದರೆ ಎಳೆಯೆಳೆಯಾಗಿ ಬರುವಷ್ಟು ಗಟ್ಟಿಯಾದ ಮೇಲೆ ಅದರೊಳಕ್ಕೆ ಪ್ಲಾಸ್ಟರ್ ಸುರಿಯುತ್ತಾರೆ. ನೀರಿಗೆ ಹುಡಿಯನ್ನು ಉದುರಿಸಬೇಕು, ಹುಡಿಗೆ ನೀರು ಸುರಿಯಬಾರದು. ಅದು ತಾನಾಗಿ ನೆನೆದ ಮೇಲೆ ಗುಳ್ಳೆಯೇಳದಂತೆ ಕೈಯಾಡಿಸಬೇಕು. ದೋಸೆ ಹಿಟ್ಟಿನ ಹದಕ್ಕೆ ಬರುವ ಮುನ್ನ, ಮಜ್ಜಿಗೆಗಿಂತ ಮಂದವಾದಾಗ ಸುರಿಯಬೇಕು. ಹತ್ತಿಪ್ಪತ್ತು ನಿಮಿಷದಲ್ಲಿ ಅದು ಕೈಗೆ ಬಿಸಿ ಹತ್ತುತ್ತದೆ, ಏಕೆಂದರೆ ನೀರನ್ನು ಮರಳಿ ಪಡೆಯುವಾಗ ಪ್ಲಾಸ್ಟರ್ ಶಾಖ ಬಿಡುತ್ತದೆ. (ಒಂದು ಎಚ್ಚರಿಕೆ: ಗಟ್ಟಿಯಾಗುತ್ತಿರುವ ಪ್ಲಾಸ್ಟರಿನ ರಾಶಿಯಲ್ಲಿ ಕೈ ಹುದುಗಿಸುವ ಸಾಹಸ ಎಂದೂ ಮಾಡಬೇಡಿ. ಅದು ಚರ್ಮವನ್ನು ಸುಡಬಲ್ಲದು.) ತಣ್ಣಗಾದ ಮೇಲೆ ಮಣ್ಣನ್ನು ತೆಗೆದರೆ ಬೋಗುಣಿಯ ಒಳಗಿನ ಆಕಾರ ಗುಮ್ಮಟದಂತೆ ಕೈಗೆ ಬರುತ್ತದೆ. ಅದು ಒಣಗಿದ ಬಳಿಕ ಅದರ ಮೇಲೆ ಮಣ್ಣಿನ ಹಾಳೆ ಹೊದಿಸಿ ಎಷ್ಟು ಬೇಕಾದರೂ ಬೋಗುಣಿ ತೆಗೆಯಬಹುದು. ಒಂದನ್ನು ಕೈ ಮಾಡಿತು, ಉಳಿದವನ್ನು ಅಚ್ಚು ಮಾಡುತ್ತದೆ. ಅದೇ ಶೆಡ್ಡಿನಲ್ಲಿ ಒಂದು ದಪ್ಪ ಪ್ಲಾಸ್ಟರ್ ಹಲಗೆಯೂ ಇದೆ. ತಿಗರಿಯಿಂದ ಉಳಿದ ರಾಡಿಮಣ್ಣನ್ನು ಅದರ ಮೇಲೆ ಹರಡಿದರೆ ನೀರು ಇಂಗಿ ಮಣ್ಣು ಮತ್ತೆ ನಾದುವ ಹದಕ್ಕೆ ಬರುತ್ತದೆ.

ತಿಗರಿ ಹಳೆಯದು, ಪ್ಲಾಸ್ಟರ್ ಹೊಸದು ಎಂದು ಭಾವಿಸಬೇಡಿ. ಎರಡೂ ಬಹಳ ಹಳೆಯವು. ಹರಪ್ಪ ಸಂಸ್ಕೃತಿಯ ಜನರು ತಿಗರಿಯ ಮೇಲೆ ಮಡಕೆ ಮಾಡುತ್ತಿದ್ದರು. ಈಜಿಪ್ಟಿನ ಪಿರಮಿಡ್ಡುಗಳ ಕಲ್ಲುಗಳ ನಡುವೆ ಜಿಪ್ಸಮ್ ಗಾರೆಯಿದೆ.  ಆದರೆ ಮಡಕೆಗೆ ಅಚ್ಚು ಬೇಕೆನಿಸಿದಾಗ ಪ್ರಾಚೀನರು ಹೆಚ್ಚಾಗಿ ಬಳಸಿದ್ದು ಸುಟ್ಟ ಮಣ್ಣನ್ನು. ಅದೂ ನೀರು ಹೀರುತ್ತದಲ್ಲವೆ? ಇಟಲಿಯ ಅರೆಟ್ಸೊ ಎಂಬ ಊರಿನಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಅಚ್ಚನ್ನೇ ತಿಗರಿಯ ಮೇಲೆ ಬೋಗುಣಿಯಂತೆ ಎತ್ತಿ, ಒಳಮೈಗೆ ಹೂಬಳ್ಳಿಗಳ ಮುದ್ರೆಯೊತ್ತಿ, ಸುಟ್ಟು, ಆಮೇಲೆ ಅದನ್ನೇ ತಿಗರಿಯ ಮೇಲಿಟ್ಟು ಒಳಗೆ ಮಣ್ಣೊತ್ತಿ ತಿರುಗಿಸಿ, ಉಬ್ಬುಚಿತ್ರದ ಕೆಂಪು ಬಟ್ಟಲುಗಳನ್ನು ತೆಗೆಯುತ್ತಿದ್ದರು.

ಆ ಊರಿನ ಕೆಂಪು ಪಾತ್ರೆಗಳಿಗೂ ನಮ್ಮ ಚಿತ್ರದುರ್ಗಕ್ಕೂ ಒಂದು ಸಂಬಂಧವಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಅರೆಟ್ಸೊ ಪಾತ್ರೆಗಳ ಚೂರುಗಳು ಸಿಕ್ಕವು. ಅವುಗಳ ಕಾಲ ಯೂರೋಪಿನಲ್ಲಿ ಗೊತ್ತಿತ್ತು. ಆದ್ದರಿಂದ ಅವುಗಳ ಜೊತೆಗೆ ಸಿಕ್ಕ, ತಿಗರಿ ತಿರುಗುವಾಗಲೇ ಒಳತಳಕ್ಕೆ ಚುಕ್ಕೆಗಳ ಉಂಗುರ ಮೂಡಿಸಿದ ಇನ್ನೊಂದು ಬಗೆಯ ತಟ್ಟೆಗಳ ಕಾಲವೂ ಗೊತ್ತಾಯಿತು. 1947ರಲ್ಲಿ ಅದೇ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಅಗೆದಾಗ ಆ ಚುಕ್ಕೆ ಉಂಗುರದ ತಟ್ಟೆಗಳು ಅಲ್ಲಿಯೂ ದೊರೆತವು. ಕರ್ನಾಟಕದ ಪ್ರಾಚೀನ ಪದರಗಳಿಗೆ ಕಾಲ ನಿಗದಿ ಮಾಡಲು ಹೀಗೆ ಒಡೆದ ತಟ್ಟೆಯ ಚೂರುಗಳು ನೆರವಾದವು. ಒಂದೇ ಬಗೆಯ ಪಾತ್ರೆಯನ್ನು ಸಾವಿರಗಟ್ಟಲೆ ಮಾಡಿ ದೂರದೂರಕ್ಕೆ ಕಳಿಸಿದವರು ಇತಿಹಾಸಕಾರರಿಗೆ ಅರಿಯದೆ ಮಾಡಿದ ಉಪಕಾರವಿದು.

ಇನ್ನು ಇಂಗ್ಲೆಂಡಿಗೆ ಹೋಗೋಣ. ಅಲ್ಲಿನ ಸ್ಟಾಫರ್ಡ್‌ಷೈರ್ ಪ್ರಾಂತ್ಯದ ಉತ್ತರದಲ್ಲಿ ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್ ಮೊದಲಾದ ಆರು ಊರುಗಳು ಅಕ್ಕಪಕ್ಕದಲ್ಲಿವೆ. ನೆಲದಡಿ ಜೇಡಿಮಣ್ಣು, ಅದರ ಜೊತೆಗೇ ಕಲ್ಲಿದ್ದಲು. ಹದಿನೇಳನೆಯ ಶತಮಾನದಿಂದಲೂ ಅಲ್ಲಿ ಮನೆಮನೆಯೂ ಕುಂಬಾರ ಮನೆ. ಒಂದು ತಿಗರಿ, ಹಿತ್ತಿಲಲ್ಲಿ ಒಂದು ಆವಿಗೆ, ಗಂಡ ಹೆಂಡತಿ ಮಕ್ಕಳು. ನಾವು ಚಿತ್ರೀಕರಿಸಿದ ಶೆಡ್ಡಿಗಿಂತ ಅದು ಬಹಳ ಬೇರೆಯಾಗಿರಲಿಲ್ಲ. ಅಚ್ಚು ಬೇಕಾದಾಗ ಅವರು ಸುಟ್ಟ ಮಣ್ಣನ್ನೋ ಲೋಹವನ್ನೋ ಬಳಸುತ್ತಿದ್ದರು, ಇಲ್ಲವೆ ಅಲಬಾಸ್ಟರ್ ಕಲ್ಲನ್ನು ಕೊರೆಯುತ್ತಿದ್ದರು. ಅಲಬಾಸ್ಟರ್ ಎಂದರೆ ಜಿಪ್ಸಮ್ಮಿನದೇ ಇನ್ನೊಂದು ರೂಪ. ಆ ಕಲ್ಲನ್ನು ಕೊರೆಯುವ ಬದಲು ಸುಟ್ಟು, ಪುಡಿಮಾಡಿ, ಎರಕ ಹೊಯ್ಯಬಹುದು ಎಂಬ ಅರಿವು 1740ರ ದಶಕದಲ್ಲಿ ಅಲ್ಲಿಗೆ ಬಂತು. ಕೊಬ್ರಿಜ್ಜಿನ ರಾಲ್ಫ್ ಡೇನಿಯಲ್ ಎಂಬಾತ ಫ್ರಾನ್ಸಿನ ಪಿಂಗಾಣಿ ಕಾರ್ಖಾನೆಯಲ್ಲಿ ಇದನ್ನು ಕಂಡು ಬಂದನೆಂದು 1829ರಲ್ಲಿ ಆ ಪ್ರದೇಶದ ಇತಿಹಾಸ ಬರೆದ ಸಿಮಿಯನ್ ಷಾ ಹೇಳುತ್ತಾನೆ.

ಆಗ ಏನಾಯಿತು? ತಿಗರಿಯ ಮೇಲೆ ಎತ್ತಿದ ಪಾತ್ರೆ ಯಾವಾಗಲೂ ದುಂಡಗೇ ಇರಬೇಕು. ಪ್ಲಾಸ್ಟರಿಗೆ ಆ ಕಟ್ಟುಪಾಡಿಲ್ಲ. ಎಲೆಯಾಕಾರ, ಎಂಟು ಮೂಲೆ, ಒಂಟೆಯ ರೂಪದ ಚಹಾ ಪಾತ್ರೆ, ಏನು ಬೇಕಾದರೂ ಆಗಬಹುದು. ಕೆನೆಯಂತೆ ತೆಳುವಾದ ಮಣ್ಣಿನ ರಾಡಿಯನ್ನು ಅಚ್ಚಿನೊಳಗೆ ಸುರಿದು ಕೆಲಕಾಲ ಬಿಟ್ಟರೆ ಗೋಡೆಗುಂಟ ಒಂದು ಪದರ ಗಟ್ಟಿಯಾಗುತ್ತದೆ. ಉಳಿದದ್ದನ್ನು ಬಗ್ಗಿಸಿ ಚೆಲ್ಲಿದರೆ ಪಾತ್ರೆ ಸಿದ್ಧ. ಹತ್ತು ವರ್ಷ ತಿಗರಿಯ ಮುಂದೆ ಕುಳಿತು ಕಲಿತ ಕೈ ಇದಕ್ಕೆ ಬೇಡ.

ಈ ಬದಲಾವಣೆಯ ನಡುಮಧ್ಯದಲ್ಲಿ ಬೆಳೆದವನು ಜೋಸೈಯಾ ವೆಜ್‌ವುಡ್. 1730ರಲ್ಲಿ ಬರ್ಸ್ಲೆಮ್ಮಿನ ಕುಂಬಾರ ಮನೆಯಲ್ಲಿ ಹುಟ್ಟಿದ. ಬಾಲ್ಯದಲ್ಲಿ ಸಿಡುಬು ತಗುಲಿ ಬಲ ಮೊಣಕಾಲು ಕೆಟ್ಟಿತು. 1744ರಲ್ಲಿ ಅಣ್ಣನ ಬಳಿ ತಿಗರಿಯ ಕೆಲಸ ಕಲಿಯಲು ಸೇರಿದನಾದರೂ ಕಾಲಿನಿಂದ ಒದ್ದು ತಿರುಗಿಸುವ ತಿಗರಿ ಅವನಿಗೆ ಕಷ್ಟವಾಯಿತು. ಆದ್ದರಿಂದಲೇ ಅವನ ಗಮನ ಮಾದರಿ, ಅಚ್ಚು, ಮಣ್ಣಿನ ಬೆರಕೆ, ಬೆಂಕಿಯ ಉಷ್ಣತೆಗಳ ಕಡೆಗೆ ಹರಿಯಿತೆಂದು ಹೇಳುವುದುಂಟು. 1768ರಲ್ಲಿ ಆ ಕಾಲನ್ನು ಕತ್ತರಿಸಲೇಬೇಕಾಯಿತು. ಆಗ ಅರಿವಳಿಕೆ ಮದ್ದು ಇರಲಿಲ್ಲ ಎಂಬುದನ್ನು ನೆನಪಿಡಿ. ಮರು ವರ್ಷ, 1769ರ ಜೂನ್ 13ರಂದು, ಎಟ್ರೂರಿಯಾ ಎಂಬ ಅವನ ಹೊಸ ಕಾರ್ಖಾನೆ ಆರಂಭವಾದಾಗ ಅವನು ಮಾಡಿದ್ದೇನು? ಪಾಲುದಾರ ಥಾಮಸ್ ಬೆಂಟ್ಲಿ ಚಕ್ರ ತಿರುಗಿಸಿದ, ಒಂಟಿ ಕಾಲಿನ ವೆಜ್‌ವುಡ್ ತನ್ನ ಕೈಯಾರೆ ಆರು ಕಪ್ಪು ಹೂದಾನಿಗಳನ್ನು ಎತ್ತಿದ. ಯಂತ್ರಯುಗದ ಕಾರ್ಖಾನೆಯೊಂದು ತಿಗರಿಯ ಪೂಜೆಯಿಂದ ಆರಂಭವಾದಂತಾಯಿತು. ಮರುದಿನದಿಂದ ಅಲ್ಲಿ ನಡೆದದ್ದು ಬೇರೆ. ಒಬ್ಬ ಎತ್ತುವವನು, ಒಬ್ಬ ಕೆತ್ತುವವನು, ಒಬ್ಬ ಅಚ್ಚೊತ್ತುವವನು, ಒಬ್ಬ ಹಿಡಿ ಅಂಟಿಸುವವನು ಎಂದು ಕೆಲಸ ಹಂಚಿಹೋಯಿತು.

ವೆಜ್‌ವುಡ್‌ನನ್ನು ನಾನು ಮೆಚ್ಚುತ್ತೇನೆ. ಆವಿಗೆಯ ಉಷ್ಣತೆ ಅಳೆಯಲು ಮಣ್ಣಿನ ಸಣ್ಣ ತುಂಡುಗಳ ಕುಗ್ಗುವಿಕೆಯನ್ನೇ ಅಳತೆಗೋಲಾಗಿ ಮಾಡಿ ರಾಯಲ್ ಸೊಸೈಟಿಯ ಸದಸ್ಯನಾದವನು, 1787ರಲ್ಲಿ ಸಂಕೋಲೆಯಲ್ಲಿರುವ ಗುಲಾಮನ ಪದಕವನ್ನು ಅಚ್ಚೊತ್ತಿಸಿ ಗುಲಾಮಗಿರಿಯ ವಿರುದ್ಧ ಹಂಚಿದವನು, ಚಾರ್ಲ್ಸ್ ಡಾರ್ವಿನ್ನನ ತಾಯಿಯ ತಂದೆ. ಒಂದೇ ಅಳತೆಯ, ಒಂದರ ಮೇಲೊಂದು ಸರಿಯಾಗಿ ಕೂರುವ ತಟ್ಟೆಗಳು ಸಾಮಾನ್ಯರ ಮನೆಗೆ ಬಂದದ್ದು ಅವನಂಥವರಿಂದ, ಪ್ಲಾಸ್ಟರಿನಿಂದ. ಇದು ಚಿಕ್ಕ ಸಾಧನೆಯಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಲೆಕ್ಕದ ಅರ್ಧ ಮಾತ್ರ ಹೇಳಿದಂತೆ.

ಉಳಿದರ್ಧ ಹೀಗಿದೆ. ಪ್ಲಾಸ್ಟರ್ ನೀರು ಕುಡಿಯುತ್ತದೆ, ನಿಜ. ಕುಡಿದು ಕುಡಿದು ಹೊಟ್ಟೆ ತುಂಬಿದರೆ? ಮುಂದಿನ ತಟ್ಟೆ ಅಂಟಿಕೊಳ್ಳುತ್ತದೆ, ಬಿಟ್ಟು ಬರುವುದಿಲ್ಲ. ಅಚ್ಚನ್ನು ಒಣಗಿಸಲೇಬೇಕು. ಮೈಸೂರಿನ ಬಿಸಿಲಿನಲ್ಲಿ ತಾರಸಿಯ ಮೇಲಿಟ್ಟರೆ ಆಯಿತು. ಇಂಗ್ಲೆಂಡಿನಲ್ಲಿ ಬಿಸಿಲೆಲ್ಲಿ? ಹಾಗಾಗಿ ಕೆಲಸದ ಕೋಣೆಗೆ ತಾಗಿ ಒಂದು ಒಣಕೋಣೆ, ಅದರ ನಡುವೆ ಉರಿಯುವ ಒಲೆ, ಗೋಡೆಗಳ ತುಂಬ ಹಲಗೆಗಳು. ತಟ್ಟೆ ಮಾಡುವವನು ಮಣ್ಣಿನ ಹಾಳೆಯನ್ನು ಪ್ಲಾಸ್ಟರ್ ಅಚ್ಚಿನ ಮೇಲೆ ಹಾಕಿ, ತಿರುಗುವ ಪೀಠದ ಮೇಲಿಟ್ಟು ಅಂಚು ಒತ್ತುತ್ತಾನೆ. ತಕ್ಷಣ ಒಬ್ಬ ಹುಡುಗ ಆ ಅಚ್ಚನ್ನು ತಟ್ಟೆಯ ಸಮೇತ ಎತ್ತಿಕೊಂಡು ಒಣಕೋಣೆಗೆ ಓಡುತ್ತಾನೆ, ಏಣಿಮೆಟ್ಟಿಲು ಹತ್ತಿ ಹಲಗೆಯ ಮೇಲಿಡುತ್ತಾನೆ, ಒಣಗಿದ ಇನ್ನೊಂದು ಅಚ್ಚನ್ನು ಹೊತ್ತು ಓಡಿ ಬರುತ್ತಾನೆ. ಅಷ್ಟರಲ್ಲಿ ಮುಂದಿನ ತಟ್ಟೆ ಸಿದ್ಧ. ಈ ಹುಡುಗನಿಗೆ ಅವರ ಭಾಷೆಯಲ್ಲಿ 'ಅಚ್ಚಿನ ಓಟಗಾರ' ಎಂಬರ್ಥದ ಹೆಸರೇ ಇತ್ತು. ಚಳಿಗಾಲದಲ್ಲಿ ಉರಿಯುವ ಕೋಣೆಯಿಂದ ಕೊರೆಯುವ ಕೋಣೆಗೆ, ಮತ್ತೆ ಉರಿಯುವ ಕೋಣೆಗೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಒಲೆ ಹೊತ್ತಿಸುವುದೂ, ನಡುವೆ ಮಣ್ಣು ನಾದುವುದೂ ಅವನ ಪಾಲಿಗೇ.

1840ರ ದಶಕದ ಆರಂಭದಲ್ಲಿ ಸ್ಯಾಮ್ಯುಯೆಲ್ ಸ್ಕ್ರಿವೆನ್ ಎಂಬ ಸರ್ಕಾರಿ ಆಯುಕ್ತ ಈ ಊರುಗಳಿಗೆ ಬಂದು ಮಕ್ಕಳನ್ನೇ ಕೂರಿಸಿ ಮಾತನಾಡಿಸಿ ವರದಿ ಬರೆದ. ಅದೇ ಕಾಲದ ಚಾರ್ಲ್ಸ್ ಷಾ ಎಂಬ ಹುಡುಗ ಏಳನೆಯ ವಯಸ್ಸಿನಲ್ಲಿ ವಾರಕ್ಕೆ ಒಂದು ಷಿಲಿಂಗ್ ಕೂಲಿಗೆ ಅಚ್ಚು ಹೊತ್ತು ಓಡಿದ. ಹತ್ತರ ವಯಸ್ಸಿಗೆ ಕುಟುಂಬದೊಂದಿಗೆ ಬಡವರ ಆಶ್ರಯ ಗೃಹ ಸೇರಿದ. ಮುಂದೆ ಓದಿ ಪಾದ್ರಿಯಾಗಿ, ಮುದುಕನಾದ ಮೇಲೆ ತನ್ನ ಬಾಲ್ಯದ ನೆನಪುಗಳನ್ನು ಬರೆದ. 1903ರಲ್ಲಿ ಅದು 'ಹಳೆಯ ಕುಂಬಾರ' ಎಂಬ ಅಂಕಿತದಲ್ಲಿ ಪುಸ್ತಕವಾಯಿತು. ಅರ್ನಾಲ್ಡ್ ಬೆನೆಟ್ ತನ್ನ 1910ರ ಕಾದಂಬರಿ 'ಕ್ಲೇಹ್ಯಾಂಗರ್'ನಲ್ಲಿ ಆ ಪುಸ್ತಕದಿಂದಲೇ ಒಬ್ಬ ಹುಡುಗನ ಕಥೆಯನ್ನು ಕಟ್ಟಿದ. 1864ರಲ್ಲಿ ಕಾರ್ಖಾನೆ ಕಾಯಿದೆಯನ್ನು ಕುಂಬಾರಿಕೆಗೂ ವಿಸ್ತರಿಸಿದ ಮೇಲೆ ಎಂಟು ವರ್ಷದೊಳಗಿನ ಮಕ್ಕಳನ್ನು ದುಡಿಸುವುದು ನಿಷಿದ್ಧವಾಯಿತು. ಎಂಟು ವರ್ಷ ಎಂದರೆ ನಮ್ಮ ಮೂರನೆಯ ತರಗತಿ.

ದೊಡ್ಡವರ ಪಾಡೂ ಸುಖದ್ದಾಗಿರಲಿಲ್ಲ. ಪಾತ್ರೆ ಆವಿಗೆಯಿಂದ ಚೆನ್ನಾಗಿ ಹೊರಬಂದರೆ ಮಾತ್ರ ಕೂಲಿ ಎಂಬ ಪದ್ಧತಿಯಿತ್ತು. ಸುಡುವವನು ಕೆಡಿಸಿದರೂ ಮಾಡಿದವನಿಗೆ ನಷ್ಟ. 1844ರಲ್ಲಿ ಮೇಸನ್ ಎಂಬ ಮಾಲೀಕನ ಕಾರ್ಖಾನೆಗೆ ತಟ್ಟೆ ಮಾಡುವ ಯಂತ್ರವೊಂದು ಬಂತು. ಅದರಲ್ಲಿಯೂ ಇದ್ದದ್ದು ತಿರುಗುವ ಅಚ್ಚೇ, ಆದರೆ ಅಂಚು ಒತ್ತುವ ಕೈಯ ಜಾಗದಲ್ಲಿ ಯಂತ್ರ. ಕುಂಬಾರರ ಸಂಘ ತೀವ್ರವಾಗಿ ಪ್ರತಿಭಟಿಸಿತು, ಯಂತ್ರ ಹಿಂದೆ ಸರಿಯಿತು. ಸಂಘದ ಪತ್ರಿಕೆ ನಡೆಸುತ್ತಿದ್ದ ವಿಲಿಯಂ ಇವಾನ್ಸ್‌ನಿಗೆ ಅದರಿಂದ ಸಮಾಧಾನವಾಗಲಿಲ್ಲ. ಕುಂಬಾರರಿಂದ ಚಂದಾ ಕೂಡಿಸಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಮೀನು ಕೊಳ್ಳುವ ಯೋಜನೆ ಹಾಕಿದ. ತಿಗರಿ, ಅಚ್ಚು ಬಿಟ್ಟು ಬೇರೇನನ್ನೂ ಕಾಣದ ಜನ ಹಡಗು ಹತ್ತಿ ಹೋಗಿ ಕಾಡು ಕಡಿದು ಉಳುಮೆಗೆ ನಿಂತರು. ಆ ನೆಲೆಗೆ 'ಪಾಟರ್ಸ್‌ವಿಲ್' ಎಂದು ಹೆಸರಿಟ್ಟರು, ನಮ್ಮ ಮಾತಿನಲ್ಲಿ ಕುಂಬಾರಹಳ್ಳಿ. ಕೆಲವೇ ವರ್ಷಗಳಲ್ಲಿ ಹಣವೂ ಯೋಜನೆಯೂ ಕರಗಿಹೋದವು. ಯಂತ್ರಗಳು ಶತಮಾನದ ಕೊನೆಯ ಭಾಗದಲ್ಲಿ ಹೇಗೂ ಬಂದವು. ಇವಾನ್ಸ್‌ನದು ಮೂರ್ಖತನವೆಂದು ಕೆಲವರು ಬರೆದಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಕೈಗೆ ಕೆಲಸ ಹೋಗುತ್ತದೆಂದು ಅವನು ಕಂಡದ್ದು ಸುಳ್ಳಾಗಿರಲಿಲ್ಲ, ಹೋಗಬೇಕಾದ ಊರನ್ನು ಆರಿಸುವಲ್ಲಿ ಮಾತ್ರ ತಪ್ಪಿದ.

ಇಪ್ಪತ್ತನೆಯ ಶತಮಾನದಲ್ಲಿ ಕೆಲವರು ಹಿಂತಿರುಗಿ ತಿಗರಿಯ ಕಡೆ ನಡೆದರು. 1920ರಲ್ಲಿ ಬರ್ನಾರ್ಡ್ ಲೀಚ್ ಮತ್ತು ಜಪಾನಿನ ಶೋಜಿ ಹಮಾದ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಸಣ್ಣ ಕುಂಬಾರಿಕೆಯನ್ನು ಕಟ್ಟಿದರು. ನಮ್ಮ ದೇಶದಲ್ಲಿ ಸರ್ದಾರ್ ಗುರುಚರಣ್ ಸಿಂಗ್ ಜಪಾನಿನಲ್ಲಿ ಕಲಿತು ಬಂದು ದೆಹಲಿಯಲ್ಲಿ ಇದೇ ದಾರಿ ತೆರೆದರು. 1971ರಲ್ಲಿ ಪುದುಚೇರಿಯಲ್ಲಿ ಆರಂಭವಾದ ಗೋಲ್ಡನ್ ಬ್ರಿಜ್ ಕುಂಬಾರಿಕೆಯಿಂದ ಎಷ್ಟೋ ಜನ ಕಲಿತರು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಗ್ರಾಮೋದ್ಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ. ಮನೆಯಲ್ಲಿಯೇ ತಿಗರಿ ಇಟ್ಟುಕೊಂಡವರು ಈಗ ನಮ್ಮ ಊರುಗಳಲ್ಲಿಯೂ ಕಾಣಸಿಗುತ್ತಾರೆ. ಅವರಲ್ಲಿ ಹಲವರು 'ಅಚ್ಚಿನದಲ್ಲ, ಕೈಯದು' ಎಂದು ಹೆಮ್ಮೆಯಿಂದ ಹೇಳುತ್ತಾರೆ. ಆದರೂ ಅವರ ಕೋಣೆಯ ಮೂಲೆಯಲ್ಲಿ ಒಂದು ಪ್ಲಾಸ್ಟರ್ ಹಲಗೆ ಇದ್ದೇ ಇರುತ್ತದೆ.

ಆ ಹಲಗೆಗೆ ಸಂಬಂಧಿಸಿದ ಒಂದು ತಪ್ಪನ್ನು ಒಪ್ಪಿಕೊಂಡು ಮುಗಿಸುತ್ತೇನೆ. ಚಿತ್ರೀಕರಣ ಮುಗಿದ ಮೇಲೆ ಆಕೆ ನನ್ನನ್ನೂ ತಿಗರಿಯ ಮುಂದೆ ಕೂರಿಸಿದರು. ಹಲಗೆಯ ಮೇಲೆ ಅಂಟಿದ್ದ ಮಣ್ಣನ್ನು ನಾನು ಉತ್ಸಾಹದಿಂದ ಉಕ್ಕಿನ ಪಟ್ಟಿಯಲ್ಲಿ ಕೆರೆದು ಮುದ್ದೆ ಕಟ್ಟಿದೆ. ಆಕೆಯ ಕೈ ಮೇಲೆ, ನನ್ನ ಕೈ ಕೆಳಗೆ, ಹೇಗೋ ಒಂದು ಬೋಗುಣಿ ಎದ್ದಿತು. ಸುಟ್ಟು ಮೆರುಗು ಕೊಟ್ಟು ಕಳಿಸಿದರು. ನನ್ನ ಮೇಜಿನ ಮೇಲೆ ಪಿನ್ನು, ಕ್ಲಿಪ್ಪುಗಳನ್ನು ಹಾಕಿಟ್ಟಿದ್ದೆ. ಎರಡು ತಿಂಗಳ ಬಳಿಕ, ಮಳೆಗಾಲದ ಒಂದು ಬೆಳಿಗ್ಗೆ, ಅದರ ಹೊರಮೈಯಿಂದ ಉಗುರಿನಷ್ಟು ಚಕ್ಕೆ ಎದ್ದು ಮೇಜಿನ ಮೇಲೆ ಬಿದ್ದಿತ್ತು. ಕುಳಿಯ ತಳದಲ್ಲಿ ಸಾಸಿವೆಯಷ್ಟು ಬಿಳಿಯ ಕಾಳು. ಅದು ಪ್ಲಾಸ್ಟರ್. ಮಣ್ಣಿನೊಳಗೆ ಸೇರಿದ ಅದರ ಚೂರು ಆವಿಗೆಯ ಬೆಂಕಿಯಲ್ಲಿ ತನ್ನ ನೀರನ್ನೆಲ್ಲ ಕಳೆದುಕೊಂಡು, ಹೊರಬಂದ ಮೇಲೆ ಗಾಳಿಯ ತೇವವನ್ನು ಮೆಲ್ಲಮೆಲ್ಲನೆ ಹೀರಿ, ಉಬ್ಬಿ, ಮೈಯನ್ನು ಸೀಳುತ್ತದೆ. ಲವಾಜಿಯೇ ತೂಗಿ ತೋರಿಸಿದ ಅದೇ ನೀರು, ಅದೇ ಬಾಯಾರಿಕೆ. ಸ್ಟಾಫರ್ಡ್‌ಷೈರಿನಲ್ಲಿ ಇಂಥ ಕಾಳು ಆವಿಗೆಯ ಬಾಯಲ್ಲೇ ಬಿರಿದಿದ್ದರೆ ಒಬ್ಬನ ಕೂಲಿ ಹೋಗುತ್ತಿತ್ತು.

ಬೋಗುಣಿಯನ್ನು ಕಾಗದದಲ್ಲಿ ಸುತ್ತಿ ಮೈಸೂರಿಗೆ ಒಯ್ದೆ. ಆಕೆ ಕನ್ನಡಕ ಏರಿಸಿ ಕುಳಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಹಲಗೆ ಕೆರೆದವರು ಯಾರು ಸಾರ್?"

"ನಾನೇ, ಮೇಡಂ."

ಆಕೆ ಮತ್ತೇನೂ ಹೇಳಲಿಲ್ಲ. ಮೂಲೆಗೆ ಹೋಗಿ ಹಲಗೆಯನ್ನು ಎತ್ತಿ, ನಾನು ಕೆರೆದಿದ್ದ ಮಗ್ಗುಲನ್ನು ಕೆಳಗೆ ಮಾಡಿ, ಇನ್ನೊಂದು ಮಗ್ಗುಲನ್ನು ಒದ್ದೆ ಸ್ಪಂಜಿನಿಂದ ಒರೆಸಿದರು. ಉಕ್ಕಿ��� ಪಟ್ಟಿಯನ್ನು ನನ್ನ ಕೈಗೆಟುಕದ ಗೂಡಿಗೆ ಏರಿಸಿಟ್ಟು, ಮರದ್ದೊಂದನ್ನು ಕೊಟ್ಟರು.